ಮರಗೆಣಸೋ, ಮೆಕ್ಕೆಜೋಳವೋ, ಅಡಿಕೆ ಹಾಳೆಯೋ: ಕೊಳೆಯುವ ಪ್ಲಾಸ್ಟಿಕ್ ಮಾಡಹೊರಟವರಿಗೆ

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ವರ್ಕಾಡಿ ಕಡೆ ಪ್ಲಾಸ್ಟಿಕ್ ತೊಟ್ಟೆಗೆ (ತೆಳು ಚೀಲಕ್ಕೆ) ಬದಲಿ ಏನೆಂಬ ಮಾತು ಬಂದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮರಗೆಣಸಿನ ಹಿಟ್ಟಿನಿಂದ ತೊಟ್ಟೆ ಆಗ್ತದಂತೆ, ನಾವೇ ಯಾಕೆ ಮಾಡಬಾರದು?" ಆಗುತ್ತದೆ, ಮಾಡಲೂಬಹುದು. ಆದರೆ ಗೆಣಸು ಅಗೆಯುವ ಮೊದಲು, ಯಂತ್ರಕ್ಕೆ ಮುಂಗಡ ಕೊಡುವ ಮೊದಲು ತೂಗಿ ನೋಡಬೇಕಾದ ಸಂಗತಿಗಳು ಹಲವಿವೆ. ಸಣ್ಣ ಘಟಕ ಹಾಕಬೇಕೆಂದಿರುವ ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ) ಹೆಂಗಸರು, ಹಾಳೆ ತಟ್ಟೆಯ ಯಂತ್ರ ಈಗಾಗಲೇ ಇರುವವರು, ನರ್ಸರಿ ನಡೆಸುವವರು, ಮಕ್ಕಳಿಂದ ಪ್ರಯೋಗ ಮಾಡಿಸುವ ಮೇಷ್ಟ್ರುಗಳು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಯಾವ ಬೆಳೆ ಒಳ್ಳೆಯದೆಂದು. ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮಾಡುವ ವಸ್ತು ಒದ್ದೆಯಾಗುತ್ತದೆಯೇ, ಎಷ್ಟು ದಿನ ಬಾಳಬೇಕು, ಕೆಲಸ ಮುಗಿದ ಮೇಲೆ ಅದು ಹೋಗಿ ಬೀಳುವುದು ಎಲ್ಲಿಗೆ? ಈ ಮೂರಕ್ಕೆ ಉತ್ತರ ಗೊತ್ತಾದರೆ ಬೆಳೆಯ ಆಯ್ಕೆ ತನ್ನಷ್ಟಕ್ಕೆ ಸಲೀಸಾಗುತ್ತದೆ. ಮೀನು ಕಟ್ಟುವ ತೊಟ್ಟೆಗೂ ಬದನೆ ಸಸಿಯ ಕುಂಡಕ್ಕೂ ಒಂದೇ ಉತ್ತರ ಇರಲು ಸಾಧ್ಯವಿಲ್ಲ.

ಹಸಿರು ಎಲೆಯ ಚಿತ್ರದ ಹಿಂದೆ

ಪೇಟೆಯಲ್ಲಿ ಹಸಿರು ಎಲೆಯ ಚಿತ್ರ ಅಚ್ಚು ಹಾಕಿ ಮಾರುವ ತೊಟ್ಟೆಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಸರಕುಗಳಿವೆ. ಪಾಲಿಥೀನಿಗೆ ಪಿಷ್ಟದ ಹುಡಿ ಬೆರೆಸಿದ್ದು ಒಂದು. ಇದು 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಶುರುವಾದ ದಾರಿ. ಮಣ್ಣಿನ ಸೂಕ್ಷ್ಮಜೀವಿಗಳು ಅದರಲ್ಲಿರುವ ಪಿಷ್ಟವನ್ನು ತಿಂದು ಮುಗಿಸುತ್ತವೆ, ಪಾಲಿಥೀನು ಮಾತ್ರ ಚೂರುಚೂರಾಗಿ ತೋಟದಲ್ಲೇ ಉಳಿಯುತ್ತದೆ. ಇಡೀ ತೊಟ್ಟೆಯನ್ನಾದರೆ ಹೆಕ್ಕಬಹುದು, ಚೂರುಗಳನ್ನು ಹೆಕ್ಕುವವರು ಯಾರು? ಇನ್ನೊಂದು, ಲೋಹದ ಲವಣ ಬೆರೆಸಿ ಬಿಸಿಲಿಗೆ ಪುಡಿಯಾಗುವಂತೆ ಮಾಡಿದ ಆಕ್ಸೋ ಪ್ಲಾಸ್ಟಿಕ್. ಅದರ ಗತಿಯೂ ಇದೇ. ಐರೋಪ್ಯ ಒಕ್ಕೂಟ 2021ರಲ್ಲಿ ಅದನ್ನು ನಿಷೇಧಿಸಿತು. ಇವೆರಡನ್ನೂ ಆಯ್ಕೆಯ ಪಟ್ಟಿಗೆ ಸೇರಿಸಲೇ ಬೇಡಿ. ನಮ್ಮ ತೋಟದ ಮಣ್ಣಿಗೆ ಇವುಗಳಿಂದ ಆಗುವುದು ಕೇಡು ಮಾತ್ರ.

ನಿಜವಾಗಿ ಕೊಳೆಯುವ ಬಗೆಗಳು ಬೇರೆಯೇ. ಪಿಷ್ಟವನ್ನೇ ಗ್ಲಿಸರಿನ್, ನೀರು, ಬಿಸಿ ಸೇರಿಸಿ ಕಲಸಿ ಪ್ಲಾಸ್ಟಿಕ್ಕಿನಂತೆ ಬಾಗುವ ವಸ್ತುವನ್ನಾಗಿ ಮಾಡುವುದು ಮೊದಲನೆಯ ಬಗೆ. ಪಿಷ್ಟವನ್ನು ಸಕ್ಕರೆಯಾಗಿಸಿ, ಹುಳಿ ಬರಿಸಿ, ಲ್ಯಾಕ್ಟಿಕ್ ಆಮ್ಲ ತೆಗೆದು, ಅದನ್ನು ಪೋಣಿಸಿದರೆ ಪಿಎಲ್‌ಎ ಸಿಗುತ್ತದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಮೆಕ್ಕೆಜೋಳದಿಂದ ಇದನ್ನು ಮಾಡುವ ದೊಡ್ಡ ಕಾರ್ಖಾನೆ 2002ರಿಂದ ನಡೆಯುತ್ತಿದೆ. ಇನ್ನು ಬ್ಯಾಕ್ಟೀರಿಯಾಗಳು ಕೊಬ್ಬಿನಂತೆ ತಮ್ಮ ಮೈಯೊಳಗೇ ಕೂಡಿಟ್ಟುಕೊಳ್ಳುವ ಪಿಎಚ್‌ಎ ಇದೆ. ಅದರ ಒಂದು ಬಗೆಯನ್ನು ಫ್ರಾನ್ಸಿನ ಮೋರಿಸ್ ಲೆಮ್ವಾನ್ 1926ರಲ್ಲೇ ಗುರುತಿಸಿದ್ದರು. ಸಮುದ್ರದ ನೀರಿನಲ್ಲೂ ಕೊಳೆಯುವ ಅಪರೂಪದ ಗುಣ ಅದಕ್ಕಿದೆ, ಆದರೆ ಬೆಲೆ ಹೆಚ್ಚು, ಊರ ಘಟಕದ ಅಳವಿಗೆ ಬರುವಂಥದಲ್ಲ.

ಭಾರತದಲ್ಲಿ ಕಾಂಪೋಸ್ಟ್ ಆಗುತ್ತದೆಂದು ಪ್ರಮಾಣಪತ್ರ ಪಡೆದು ಮಾರುವ ತೊಟ್ಟೆಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಬಿಎಟಿ ಎಂಬ ವಸ್ತು, ಅದರ ಜೊತೆ ಪಿಷ್ಟ ಅಥವಾ ಪಿಎಲ್‌ಎ. ಪಿಬಿಎಟಿ ಕಚ್ಚಾ ತೈಲದಿಂದ ಬಂದದ್ದಾದರೂ ಕೊಳೆಯುತ್ತದೆ. ಹುಟ್ಟಿದ್ದು ಬೆಳೆಯಿಂದಲೋ ತೈಲದಿಂದಲೋ ಎನ್ನುವುದು ಒಂದು ಲೆಕ್ಕ, ಮಣ್ಣಿಗೆ ಸೇರುತ್ತದೋ ಇಲ್ಲವೋ ಎನ್ನುವುದು ಬೇರೆಯೇ ಲೆಕ್ಕ. ಕಬ್ಬಿನ ಎಥನಾಲಿನಿಂದ ಮಾಡಿದ ಪಾಲಿಥೀನೂ ಇದೆ. ಹೊಲದಲ್ಲಿ ಹುಟ್ಟಿದ್ದೇ ಆದರೂ ಅದು ಕೊಳೆಯುವುದಿಲ್ಲ.

ಪಿಷ್ಟ ಹೇಗೆ ಫಿಲ್ಮ್ ಆಗುತ್ತದೆ, ಎಲ್ಲಿ ಸೋಲುತ್ತದೆ

ಪಿಷ್ಟದ ಕಣದೊಳಗೆ ಎರಡು ಬಗೆಯ ಸರಪಳಿಗಳಿವೆ. ಅಮೈಲೋಸ್ ನೀಳವಾದದ್ದು, ಅಮೈಲೋಪೆಕ್ಟಿನ್ ಕವಲೊಡೆದದ್ದು. ಫಿಲ್ಮಿಗೆ, ಅಂದರೆ ತೊಟ್ಟೆಯ ತೆಳು ಪೊರೆಗೆ, ಬಿಗಿ ಕೊಡುವುದು ನೀಳ ಸರಪಳಿ. ಮರಗೆಣಸಿನ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಶೇ. 17ರಿಂದ 20, ಆಲೂಗಡ್ಡೆಯಲ್ಲಿ 20ರಿಂದ 25, ಸಾಮಾನ್ಯ ಮೆಕ್ಕೆಜೋಳದಲ್ಲಿ 25ರಿಂದ 28. ಹಾಗಾಗಿ ಬರೀ ಬಿಗಿಯನ್ನು ನೋಡಿದರೆ ಮೆಕ್ಕೆಜೋಳ ಮುಂದು. ಮರಗೆಣಸಿನದು ಮೃದು, ತಿಳಿ, ವಾಸನೆಯಿಲ್ಲದ ಫಿಲ್ಮ್.

ಮನೆಯಲ್ಲೋ ಶಾಲೆಯಲ್ಲೋ ಮಾಡಿ ನೋಡಲು 10 ಗ್ರಾಂ ಹಿಟ್ಟು, 100 ಮಿಲಿಲೀಟರ್ ನೀರು, 3 ಅಥವಾ 4 ಗ್ರಾಂ ಗ್ಲಿಸರಿನ್, ಒಂದು ಚಮಚ ವಿನೆಗರ್ ಸಾಕು. ಸಣ್ಣ ಉರಿಯಲ್ಲಿ ತಿರುವುತ್ತ ಇರಬೇಕು. ಬಿಸಿ 60ರಿಂದ 70 ಡಿಗ್ರಿಯ ನಡುವೆ ಬಂದಾಗ ಕಣಗಳು ಉಬ್ಬಿ ಒಡೆಯತೊಡಗುತ್ತವೆ. ಕೂವೆ ಹಿಟ್ಟಿನ ಮಣ್ಣಿ ಕಾಸುವಾಗ ಬಿಳಿ ನೀರು ಒಮ್ಮೆಲೇ ಮಂದವಾಗಿ ಕನ್ನಡಿಯಂತೆ ತಿಳಿಯಾಗುತ್ತದಲ್ಲ, ಹಾಗೆಯೇ. ಆಮೇಲೂ ಸ್ವಲ್ಪ ಹೊತ್ತು ಕಾಸಿ, ನಯವಾದ ತಟ್ಟೆಯ ಮೇಲೆ ತೆಳ್ಳಗೆ ಹರಡಿ, ನೆರಳಲ್ಲಿ ಒಣಗಿಸಿದರೆ ಒಂದೆರಡು ದಿನದಲ್ಲಿ ಫಿಲ್ಮ್ ಎದ್ದು ಬರುತ್ತದೆ. ಗ್ಲಿಸರಿನ್ ಕಡಿಮೆಯಾದರೆ ಹಪ್ಪಳದಂತೆ ಮುರಿಯುತ್ತದೆ, ಹೆಚ್ಚಾದರೆ ಕೈಗೆ ಅಂಟುತ್ತದೆ.

ಮಾರ್ಚಿನಲ್ಲಿ ಮಾಡಿದ ಈ ಫಿಲ್ಮನ್ನು ನೋಡಿ ಹಿಗ್ಗಿ ಬಿಡಬಾರದು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಿಷ್ಟವೂ ಗ್ಲಿಸರಿನ್ನೂ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತುಗಳು. ಆಟಿಯ ಜೋರು ಮಳೆಗಾಲದಲ್ಲಿ ಅದೇ ಫಿಲ್ಮ್ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ, ಬೂಸರು ಹಿಡಿಯುತ್ತದೆ. ಒಣ ಹವೆಯಲ್ಲಿ ಕೆಲವು ವಾರ ಇಟ್ಟರೆ ಬೇರೆ ತೊಂದರೆ: ಬಿಡಿಸಿಕೊಂಡಿದ್ದ ಸರಪಳಿಗಳು ಮತ್ತೆ ಹತ್ತಿರ ಸರಿದು ಗಟ್ಟಿಯಾಗುತ್ತವೆ, ಫಿಲ್ಮ್ ಬಿರುಸಾಗುತ್ತದೆ. ನಿನ್ನೆಯ ಅನ್ನ ಗಟ್ಟಿಯಾಗುವುದಕ್ಕೂ ಕಾರಣ ಇದೇ. ಬರೀ ಪಿಷ್ಟದ ತೊಟ್ಟೆ ಸಾಮಾನು ಹೊರುವ ತೊಟ್ಟೆ ಆಗಲಾರದು ಎಂದು ನಾನು ಖಂಡಿತವಾಗಿ ಹೇಳುವುದು ಈ ಎರಡು ಗುಣಗಳಿಂದಾಗಿ. ಪಿಬಿಎಟಿಯಂಥದ್ದನ್ನು ಬೆರೆಸುವುದು ಈ ಕೊರತೆ ತುಂಬಲಿಕ್ಕೆ.

ಬೆಳೆಗಳ ಮಾತು

ಮರಗೆಣಸಿನಿಂದಲೇ ಶುರುಮಾಡುತ್ತೇನೆ. ನಮ್ಮ ಗುಡ್ಡೆಗಳಲ್ಲಿ ನೀರಾವರಿ ಇಲ್ಲದೆಯೂ ಬೆಳೆಯುವ, ಬಡ ಮಣ್ಣಿನಲ್ಲೂ ಕೈಬಿಡದ ಗಡ್ಡೆ ಅದು. ಹಸಿ ಗೆಣಸಿನಲ್ಲಿ ಶೇ. 25ರಿಂದ 30 ಪಿಷ್ಟ, ಉಳಿದದ್ದು ಹೆಚ್ಚಾಗಿ ನೀರು. ಪಿಷ್ಟದ ಜೊತೆ ಕೊಬ್ಬೂ ಪ್ರೋಟೀನೂ ಬಹಳ ಕಡಿಮೆ ಇರುವುದರಿಂದ ಬೇರ್ಪಡಿಸುವುದು ಸುಲಭ. ಕೂವೆ ಹಿಟ್ಟು ತೆಗೆಯಲು ಬಲ್ಲವರಿಗೆ ಬೇರೆ ಪಾಠವೇ ಬೇಡ: ಸಿಪ್ಪೆ ಸುಲಿದು, ತುರಿದು, ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಅಡಿಯಲ್ಲಿ ಕೂತ ಹಿಟ್ಟನ್ನು ಎರಡು ಮೂರು ನೀರಲ್ಲಿ ತೊಳೆದು ಒಣಗಿಸುವುದು. ಮನೆಯ ರೀತಿಯಲ್ಲಿ ಐದು ಕಿಲೋ ಗೆಣಸಿಗೆ ಒಂದು ಕಿಲೋ ಹಿಟ್ಟು ಸಿಕ್ಕಿದರೆ ಒಳ್ಳೆಯ ಕೆಲಸ ಎನ್ನಬೇಕು.

ಎರಡು ಎಚ್ಚರ ಬೇಕು. ಅಗೆದ ಗೆಣಸು ಎರಡು ಮೂರು ದಿನದಲ್ಲಿ ಒಳಗೆ ನೀಲಿ ಗೆರೆ ಬಂದು ಕೆಡುತ್ತದೆ, ಆದ್ದರಿಂದ ಅಗೆದದ್ದನ್ನು ಅಷ್ಟರೊಳಗೇ ಅರೆದು ಮುಗಿಸಬೇಕು. ಎರಡನೆಯದು, ಸಿಪ್ಪೆಯಲ್ಲೂ ಮೊದಲ ತೊಳೆನೀರಲ್ಲೂ ಸಯನೈಡ್ ಬಿಡುವ ಅಂಶ ಇರುತ್ತದೆ, ಕಹಿ ತಳಿಗಳಲ್ಲಿ ಇನ್ನೂ ಜಾಸ್ತಿ. ಆ ನೀರನ್ನು ತೋಡಿಗೆ ಬಿಡಬಾರದು, ಹಟ್ಟಿಯ ದನಗಳ ಬಾಯಿಗೆ ಸಿಗಬಾರದು.

ಈಗ ಮನಸ್ಸಿಗೆ ಹತ್ತಿರದ ಮಾತು. ತಿರುವಾಂಕೂರಿನಲ್ಲಿ 1880ರಿಂದ 1885ರ ತನಕ ಆಳಿದ ವಿಶಾಖಂ ತಿರುನಾಳ್ ಈ ಗಡ್ಡೆಯನ್ನು ಹಬ್ಬಿಸಿದ್ದು ಜನರ ಹಸಿವಿಗಾಗಿ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಾಗ ಅಲ್ಲಿಯ ಜನ ಬದುಕಿದ್ದು ಇದರಿಂದ. ಆ ತೆಂಕಣ ಸೀಮೆಯಿಂದ ನಮ್ಮ ಜಿಲ್ಲೆಯ ಮೂಡು ಬದಿಯ ಗುಡ್ಡಗಳಿಗೆ, ರಾಜಪುರಂ, ಪಾಣತ್ತೂರು, ವೆಳ್ಳರಿಕುಂಡಿನತ್ತ, ಬಂದು ನೆಲೆಸಿದವರು ಕಾಡು ಕಡಿದ ನೆಲದಲ್ಲಿ ಮೊದಲು ಊರಿದ್ದೂ ಇದರ ಕೋಲನ್ನೇ. ಅಂಥ ಗಡ್ಡೆಯನ್ನು, ಬೇಯಿಸಿ ಮೀನಿನ ಗಸಿಯೊಂದಿಗೆ ಉಣ್ಣಬಹುದಾದದ್ದನ್ನು, ಹತ್ತು ನಿಮಿಷ ಕೈಯಲ್ಲಿ ಹಿಡಿದು ಎಸೆಯುವ ತೊಟ್ಟೆಗೆ ಸುರಿಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಲೆಕ್ಕವೂ ಒಪ್ಪುವುದಿಲ್ಲ. ಉಣ್ಣುವ ಗೆಣಸಿಗೆ ಕಿಲೋಗೆ 20 ರೂಪಾಯಿ ಹಿಡಿದರೂ ಒಂದು ಕಿಲೋ ಹಿಟ್ಟಿಗೆ ಗೆಣಸಿನದ್ದೇ 100 ರೂಪಾಯಿ, ಕೂಲಿ ಬೇರೆ. ಸೇಲಂನ ಕಾರ್ಖಾನೆಯ ಹಿಟ್ಟು ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ.

ಹಾಗಾದರೆ ಊರ ಗೆಣಸಿಗೆ ಜಾಗವೇ ಇಲ್ಲವೇ? ಇದೆ. ಕಾಡುಹಂದಿ ಅರ್ಧ ತಿಂದು ಉರುಳಿಸಿದ್ದು, ಅಗೆಯುವಾಗ ಗುದ್ದಲಿ ತಾಗಿ ಸೀಳಿದ್ದು, ಬೇಯದ ಗಟ್ಟಿ ಗೆಣಸು, ಮಾರುಕಟ್ಟೆಗೆ ಹೋಗದ ಸಣ್ಣ ಬೇರು, ಇವೆಲ್ಲ ಈಗ ಹಾಗೆಯೇ ಹಾಳಾಗುತ್ತವೆ. ಇವುಗಳ ಹಿಟ್ಟು ತೆಗೆದಿಟ್ಟರೆ ಶಾಲೆಯ ಪ್ರಯೋಗಕ್ಕೆ, ಒಂದು ಸಣ್ಣ ನರ್ಸರಿಯ ಕುಂಡಗಳಿಗೆ ಧಾರಾಳ ಸಾಕು.

ಸೇಲಂ, ನಾಮಕ್ಕಲ್, ಧರ್ಮಪುರಿ ಕಡೆಯ ಕಥೆ ಪೂರಾ ಬೇರೆ. ಯುದ್ಧದ ಕಾಲದಲ್ಲಿ ಹೊರದೇಶದ ಸಾಬಕ್ಕಿ ಬರುವುದು ನಿಂತಾಗ ಅಲ್ಲಿ ಹುಟ್ಟಿದ ಉದ್ಯಮ ಇಂದು ದೇಶದಲ್ಲೇ ದೊಡ್ಡದು. 1981ರಲ್ಲಿ ಶುರುವಾದ ಸಾಗೋಸರ್ವ್ ಸಹಕಾರಿ ಸಂಘ ಸಾಬಕ್ಕಿ ಮತ್ತು ಪಿಷ್ಟವನ್ನು ಮಾರಿಕೊಡುತ್ತದೆ, 2023ರಲ್ಲಿ ಸೇಲಂ ಜವ್ವರಿಸಿಗೆ (ಸಾಬಕ್ಕಿಗೆ) ಭೌಗೋಳಿಕ ಗುರುತೂ ಸಿಕ್ಕಿತು. ಅಲ್ಲಿ ಬೆಳೆಯುವುದು ಎಚ್-226, ಮುಳ್ಳುವಾಡಿಯಂಥ ಕಾರ್ಖಾನೆಯ ತಳಿಗಳು. ರೈತನಿಗೆ ದರ ಕಟ್ಟುವುದು ಗೆಣಸಿನಲ್ಲಿರುವ ಪಿಷ್ಟದ ಪಾಯಿಂಟ್ (ಪ್ರಮಾಣ) ನೋಡಿ. ಹಿಟ್ಟು ತೆಗೆದ ಮೇಲೆ ಉಳಿಯುವ ನಾರಿನ ಚರಟಕ್ಕೆ ಅಲ್ಲಿ ತಿಪ್ಪಿ ಎನ್ನುತ್ತಾರೆ. ಅದರಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಪಿಷ್ಟ ಇರುತ್ತದೆ, ಜೊತೆಗೆ ನಾರು. ಈಗ ಅದು ಹೆಚ್ಚಾಗಿ ದನದ ಮೇವಿಗೆ ಹೋಗುತ್ತದೆ. ಇಡೀ ಹೋಲಿಕೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಕಚ್ಚಾವಸ್ತು ಈ ತಿಪ್ಪಿ. ಉಣ್ಣುವವರ ತಟ್ಟೆಯಿಂದ ಕಸಿದದ್ದಲ್ಲ, ನಾರು ಸೇರಿರುವುದರಿಂದ ಅಚ್ಚಿನಲ್ಲಿ ಒತ್ತಿದಾಗ ಗಟ್ಟಿಯೂ ಹೌದು. ಕೃಷ್ಣಗಿರಿ, ದೆಂಕಣಿಕೋಟೆ, ತಾಳವಾಡಿ ಕಡೆಯ ಕನ್ನಡಿಗರಿಗೆ ಇದು ನಮಗಿಂತ ಎಷ್ಟೋ ಹತ್ತಿರದಲ್ಲಿದೆ. ಘಟಕ ಹಾಕುವ ಯೋಚನೆ ಇದ್ದರೆ ಅವರು ಬೇರೆ ಬೆಳೆಯತ್ತ ನೋಡುವ ಅಗತ್ಯ ನನಗೆ ಕಾಣುವುದಿಲ್ಲ.

ಮರಗೆಣಸಿನ ಬಗ್ಗೆ ಅಂಜಿಕೆಯೂ ಇದೆ. ಬಿಳಿನೊಣ ಹರಡುವ ಮೊಸಾಯಿಕ್ ರೋಗ ಹಳೆಯದು. 2020ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ಹೊಸ ಹಿಟ್ಟುತಿಗಣೆ ತಮಿಳುನಾಡಿನ ಹೊಲಗಳಿಗೂ ದಾಟಿತು. ಕೋಲು ತರುವಾಗ ಬೇರೆ ಜಿಲ್ಲೆಯಿಂದ ಕಂಡಾಬಟ್ಟೆ ತರಬೇಡಿ. ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ಕೇಂದ್ರೀಯ ಗಡ್ಡೆ ಬೆಳೆಗಳ ಸಂಶೋಧನ ಸಂಸ್ಥೆಯ ಶ್ರೀ ರಕ್ಷಾದಂಥ ಮೊಸಾಯಿಕ್ ತಡೆಯುವ ತಳಿಗಳನ್ನು ವಿಚಾರಿಸಿ.

ಮೆಕ್ಕೆಜೋಳದ ಗುಣ ಮೇಲೆಯೇ ಹೇಳಿದೆ: ಒಣ ಕಾಳಿನಲ್ಲಿ ಶೇ. 70ರ ಸುಮಾರು ಪಿಷ್ಟ, ಬಿಗಿಯಾದ ಫಿಲ್ಮ್, ತಿಂಗಳುಗಟ್ಟಲೆ ಕೂಡಿಡಬಹುದಾದ ಕಾಳು. ಗೆಣಸಿನ ಹಾಗೆ ಮೂರೇ ದಿನದ ಅವಸರ ಇಲ್ಲ. ಆದರೆ ಪಿಷ್ಟ ಬಿಡಿಸಲು ಕಾಳನ್ನು ಗಂಧಕದ ನೀರಲ್ಲಿ ನೆನೆಸಿ, ಕಾಳಿನೊಳಗಿನ ಮೊಳಕೆಯ ಭಾಗವನ್ನು ಕಿತ್ತು, ಪ್ರೋಟೀನು ಬೇರ್ಪಡಿಸುವ ದೊಡ್ಡ ಏರ್ಪಾಡು ಬೇಕು. ಅದು ಕಾರ್ಖಾನೆಯ ಕೆಲಸ. ದೇಶದ ಮೆಕ್ಕೆಜೋಳದ ದೊಡ್ಡ ಪಾಲು ಕೋಳಿ ಆಹಾರಕ್ಕೆ ಹೋಗುತ್ತಿತ್ತು, ಈಚೆಗೆ ಎಥನಾಲ್ ಕೂಡ ಅದನ್ನೇ ಕೇಳುತ್ತಿದೆ. ಕೋಳಿ, ಇಂಧನ, ಪ್ಲಾಸ್ಟಿಕ್ ಮೂರೂ ಒಂದೇ ಚೀಲಕ್ಕೆ ಕೈ ಹಾಕಿದರೆ ಸಣ್ಣ ಘಟಕಕ್ಕೆ ದರ ತಡೆದುಕೊಳ್ಳಲಾಗದು. ಮಹಾರಾಷ್ಟ್ರದ ಜತ್, ಅಕ್ಕಲಕೋಟೆ ಬದಿಯವರಿಗೆ ಕಾಳು ಮನೆ ಬಾಗಿಲಲ್ಲೇ ಇದೆ ನಿಜ. ಅವರೂ ಕಾಳನ್ನು ಮಾರಿ ಸಿದ್ಧ ಪಿಷ್ಟವನ್ನೇ ಕೊಳ್ಳುವುದು ಲಾಭ.

ಆಲೂಗಡ್ಡೆಯ ಫಿಲ್ಮ್ ಕಣ್ಣಿಗೆ ಚೆಂದ, ತಿಳಿ. ಯುರೋಪಿನಲ್ಲಿ ಪಿಷ್ಟಕ್ಕೆಂದೇ ಬೆಳೆಯುವ ಆಲೂ ಇರುವುದರಿಂದ ಅಲ್ಲಿ ನಡೆಯುತ್ತದೆ. ಹಾಸನದಿಂದಲೋ ಊಟಿಯಿಂದಲೋ ಬರುವ ಸಾರಿನ ಆಲೂವಿನಲ್ಲಿ ಪಿಷ್ಟ ಶೇ. 15ರಿಂದ 20ರಷ್ಟೇ. ಇಲ್ಲಿಗೆ ಅದು ಹೊಂದುವುದಿಲ್ಲ. ಅಕ್ಕಿ ನುಚ್ಚಿನ ಪಿಷ್ಟದ ಕಣ ಬಲು ಸಣ್ಣದು, ಪ್ರೋಟೀನು ಅದಕ್ಕೆ ಅಂಟಿಕೊಂಡಿರುತ್ತದೆ, ಬಿಡಿಸಲು ಕ್ಷಾರ ಬೇಕು. ಕೂವೆಯನ್ನು ಹೆಸರಿಸಲೂ ಮನಸ್ಸಿಲ್ಲ: ಹಾಲುಗಲ್ಲದ ಮಕ್ಕಳಿಗೆ, ಹೊಟ್ಟೆ ಕೆಟ್ಟವರಿಗೆ ಕಾಸಿ ಕೊಡುವ ಹಿಟ್ಟು ಅಲ್ಲಿಗೇ ಸಲ್ಲಲಿ. ಹಲಸಿನ ಬೇಳೆ ಮಾತ್ರ ಯೋಚಿಸತಕ್ಕದ್ದು. ಮೇ, ಜೂನಿನಲ್ಲಿ ಮರದಡಿಯಲ್ಲಿ ಕೊಳೆತು ಹೋಗುವ ಹಣ್ಣುಗಳ ಬೇಳೆಯಲ್ಲಿ ಒಳ್ಳೆಯ ಪಿಷ್ಟ ಇದೆ. ಕಂದು ಸಿಪ್ಪೆ ತೆಗೆಯುವ ಕೆಲಸ ಬೇಸರದ್ದು, ಮಳೆ ಹಿಡಿಯುವ ಹೊತ್ತಿಗೇ ಸಿಗುವುದರಿಂದ ಒಣಗಿಸುವುದೂ ಕಷ್ಟ. ಒಣಗಿಸುವ ಯಂತ್ರ ಇರುವ ಘಟಕ ಇದನ್ನು ಕೈಗೆತ್ತಿಕೊಂಡರೆ ನನಗೆ ಬಹಳ ಸಂತೋಷ.

ಯಾವ ಕೆಲಸಕ್ಕೆ ಯಾವುದು

ನರ್ಸರಿಯವರು ಮೊದಲು. ಬದನೆ, ಮೆಣಸು, ಟೊಮೆಟೊ ಸಸಿಗಳು ಕುಂಡದಲ್ಲಿ ಇರುವುದು ಮೂರರಿಂದ ಐದು ವಾರ. ಪಿಷ್ಟ, ತಿಪ್ಪಿ, ತೆಂಗಿನ ನಾರಿನ ಹುಡಿ ಕಲಸಿ ಬಿಸಿ ಅಚ್ಚಿನಲ್ಲಿ ಒತ್ತಿದ ಕುಂಡ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಸಿಯನ್ನು ಕುಂಡದ ಸಮೇತ ನೆಡಬಹುದು, ಬೇರಿಗೆ ಪೆಟ್ಟಿಲ್ಲ. ಪಿಷ್ಟ ಬೇಗ ಕೊಳೆಯುವುದು ತೊಟ್ಟೆಗೆ ದೋಷ, ಇಲ್ಲಿ ಅದೇ ಗುಣ. ಊರ ಘಟಕವೊಂದು ಪಿಷ್ಟವನ್ನು ಹಿಡಿದು ಹೊರಟರೆ ಮೊದಲು ಮಾಡಬೇಕಾದದ್ದು ಇದನ್ನೇ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕರಿಮೆಣಸಿನ ಬಳ್ಳಿ ಮೂರು ನಾಲ್ಕು ತಿಂಗಳು ಚೀಲದಲ್ಲಿರುತ್ತದೆ, ಅಲ್ಲಿಗೆ ಇಂಥ ಕುಂಡ ತಾಳುವುದು ಅನುಮಾನ. ಒಂದು ವರ್ಷ ದಾಟಿದ ಮೇಲೆ ನೆಡುವ ಅಡಿಕೆ ಸಸಿಗೆ ಸುತರಾಂ ಆಗದು. ಅದಕ್ಕೆ ದಪ್ಪ ಚೀಲವನ್ನೇ ತೊಳೆದು ಮತ್ತೆ ಮತ್ತೆ ಬಳಸುವುದು ಮೇಲು.

ಜಂಬ್ರದ (ಮನೆಯ ಸಮಾರಂಭದ) ಊಟಕ್ಕೆ ಬಾಳೆಲೆ ಇದ್ದರೆ ಬೇರೆ ಮಾತು ಬೇಡ. ನಿಂತು ಉಣ್ಣುವ ಬಫೆ, ಸಂಜೆಯ ಉಪಾಹಾರಕ್ಕೆ ಹಾಳೆ ತಟ್ಟೆ. ಇದಕ್ಕೆ ಪಿಷ್ಟ ಬೇಡ, ಅಂಟು ಬೇಡ, ಗ್ಲಿಸರಿನ್ ಬೇಡ. ಬಿದ್ದ ಹಾಳೆಯನ್ನು ನೆನೆಸಿ, ತಿಕ್ಕಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ಆಯಿತು. ಬಿಸಿ ಸಾಂಬಾರಿಗೂ ಜಗ್ಗದು. ಶಿಫಾರಸಿನ 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ, ಮರಕ್ಕೆ ವರ್ಷಕ್ಕೆ ಐದಾರು ಹಾಳೆ ಬಿದ್ದರೂ ಎರಡೂವರೆ ಸಾವಿರಕ್ಕೆ ಮೇಲೆ. ಒಂದು ಗುಂಟೆ ನೆಲವನ್ನೂ ಉಣ್ಣುವ ಬೆಳೆಯಿಂದ ಕಸಿಯದೆ ಸಿಗುವ ಕಚ್ಚಾವಸ್ತು. ಮಳೆ ಶುರುವಾಗುವ ಮೊದಲು ಹೆಕ್ಕಿ ಒಣಗಿಸಿ ಅಟ್ಟಕ್ಕೆ ಹಾಕಿದ್ದರೆ ಮಾತ್ರ ವರ್ಷವಿಡೀ ಕೆಲಸ ನಡೆಯುತ್ತದೆ. ಒದ್ದೆ ಹಾಳೆಗೆ ಕಪ್ಪು ಬೂಸರು ಹಿಡಿದರೆ ಅದನ್ನು ತಟ್ಟೆ ಮಾಡಬಾರದು.

ಹೊರದೇಶಕ್ಕೆ ಕಳಿಸುವ ಆಸೆ ಇರುವವರು ಒಂದು ವಿಷಯ ತಿಳಿದಿರಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆ, ಲೋಟಗಳಿಗೆ ತನ್ನಲ್ಲಿ ಅನುಮತಿ ಇಲ್ಲವೆಂದು ಹೇಳಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡುಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅದರ ಆತಂಕ. ಹಾಗಾಗಿ ರಫ್ತನ್ನೇ ನಂಬಿ ಸಾಲ ಮಾಡಿ ಯಂತ್ರ ಹಾಕಬೇಡಿ. ಊರ ಮದುವೆ, ಕೋಲ, ಜಾತ್ರೆಗಳಿಗೆ ಬೇಕಾದಷ್ಟು ಮಾಡಿದರೂ ಒಂದು ಘಟಕಕ್ಕೆ ಕೈತುಂಬ ಕೆಲಸ ಇದೆ.

ತರಕಾರಿ, ದಿನಸಿ ಅಂಗಡಿಗೆ ಬಟ್ಟೆ ಚೀಲವೇ ಮೊದಲು. ಅದಾಗದ ಕಡೆ ಪಿಬಿಎಟಿ ಬೆರೆತ ಪ್ರಮಾಣಿತ ತೊಟ್ಟೆ. ಆ ಪ್ಲಾಸ್ಟಿಕ್ಕಿನ ಕಾಳು (ಹರಳು) ತರಿಸಿ ಊದುವ ಯಂತ್ರದಲ್ಲಿ ತೊಟ್ಟೆ ತೆಗೆಯುವುದು ಪಾಲಿಥೀನಿನ ಕೆಲಸ ಬಲ್ಲವರಿಗೆ ಹೊಸತಲ್ಲ, ಬಿಸಿ ಸ್ವಲ್ಪ ಇಳಿಸಬೇಕು, ಕಾಳು ಚೆನ್ನಾಗಿ ಒಣಗಿರಬೇಕು. ಆದರೆ ಕಾಳಿನ ಬೆಲೆ ಪಾಲಿಥೀನಿನ ಎರಡು ಮೂರು ಪಟ್ಟು, ಮಾಡಿದ ತೊಟ್ಟೆಯನ್ನು ವರ್ಷಗಟ್ಟಲೆ ಗೋದಾಮಿನಲ್ಲಿ ಇಡುವ ಹಾಗಿಲ್ಲ, ಪ್ರಮಾಣಪತ್ರದ ಖರ್ಚು ಬೇರೆ. ಹತ್ತು ಹನ್ನೆರಡು ಹೆಂಗಸರು ಸೇರಿ ನಡೆಸುವ ಘಟಕಕ್ಕೆ ಇದು ಭಾರ. ಅವರು ತೊಟ್ಟೆ ತಯಾರಿಸುವುದಕ್ಕಿಂತ ಪ್ರಮಾಣಿತ ತೊಟ್ಟೆಯನ್ನು ಸಗಟಾಗಿ ತಂದು ಅಂಗಡಿಗಳಿಗೆ ಒದಗಿಸುವುದು ಲೇಸು.

ಮೀನು, ಕೋಳಿ ಮಾಂಸಕ್ಕೆ ಪಿಷ್ಟದ ಯಾವುದೂ ಬೇಡ. ಮನೆಯಿಂದ ಡಬ್ಬ ಒಯ್ಯುವುದೇ ದಾರಿ.

ಪಿಎಲ್‌ಎ ಲೋಟ ತಣ್ಣಗಿನ ಪಾನಕಕ್ಕೆ ಚೆಂದ, ಬಿಸಿ ಚಹಾಕ್ಕೆ ಸಲ್ಲದು. 55ರಿಂದ 60 ಡಿಗ್ರಿಯಲ್ಲೇ ಅದು ಮೆತ್ತಗಾಗುತ್ತದೆ. ಕೊಳೆಯಲೂ ಅಷ್ಟೇ ಬಿಸಿ ಬೇಕು. ನಗರದ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಹಲವು ವಾರ ಆ ಕಾವು ನಿಲ್ಲುತ್ತದೆ, ನಮ್ಮ ತೆಂಗಿನ ಬುಡದಲ್ಲಿ ನಿಲ್ಲುವುದಿಲ್ಲ. ಸಮುದ್ರದಲ್ಲಂತೂ ಅದು ವರ್ಷಗಳ ಕಾಲ ಹಾಗೆಯೇ ಇರುತ್ತದೆ. ಗುಡ್ಡೆಯ ಕಸ ಒಂದೇ ಜೋರು ಮಳೆಗೆ ತೋಡು, ಪಯಸ್ವಿನಿ, ಅಲ್ಲಿಂದ ಕಡಲು ಎಂದು ಓಡಿಹೋಗುವ ಊರು ನಮ್ಮದು. ಇಲ್ಲಿಗೆ ಪಿಎಲ್‌ಎ ಸರಿಯಾದ ಆಯ್ಕೆಯಲ್ಲ.

ಕೊಳ್ಳುವ ಮೊದಲು, ಮಾರುವ ಮೊದಲು

ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎಂದು ಹೇಳಿಕೊಳ್ಳಲು ಭಾರತದಲ್ಲಿ ಐಎಸ್ 17088 ಎಂಬ ಮಾನಕ ಇದೆ. ಸುಮಾರು 58 ಡಿಗ್ರಿಯ ಕಾಂಪೋಸ್ಟಿನಲ್ಲಿ 12 ವಾರದೊಳಗೆ ವಸ್ತು ಹುಡಿಯಾಗಬೇಕು, 2 ಮಿಲಿಮೀಟರ್ ಜರಡಿಯ ಮೇಲೆ ಶೇ. 10ಕ್ಕಿಂತ ಹೆಚ್ಚು ಉಳಿಯಬಾರದು. 180 ದಿನದೊಳಗೆ ಅದರ ಇಂಗಾಲದ ಶೇ. 90 ಭಾಗ ಇಂಗಾಲದ ಡೈಆಕ್ಸೈಡ್ ಆಗಿ ಹೋಗಬೇಕು. ತಯಾರಕರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪ್ರಮಾಣಪತ್ರ ಪಡೆದು, ತೊಟ್ಟೆಯ ಮೇಲೆ ತಮ್ಮ ಹೆಸರನ್ನೂ ಪ್ರಮಾಣಪತ್ರದ ಸಂಖ್ಯೆಯನ್ನೂ ಅಚ್ಚು ಹಾಕಬೇಕು. ಸಂಖ್ಯೆ ಇಲ್ಲದ ತೊಟ್ಟೆಯನ್ನು ಎಷ್ಟೇ ಹಸಿರಾಗಿದ್ದರೂ ಕೊಳ್ಳಬೇಡಿ. 2022ರ ಡಿಸೆಂಬರ್ 31ರಿಂದ ಸಾಮಾನ್ಯ ಪ್ಲಾಸ್ಟಿಕ್ ಕೈಚೀಲ 120 ಮೈಕ್ರಾನಿಗಿಂತ ತೆಳ್ಳಗಿರಬಾರದು, ಕಾಂಪೋಸ್ಟ್ ಆಗುವ ಚೀಲಕ್ಕೆ ಆ ದಪ್ಪದ ಮಿತಿ ಇಲ್ಲ. ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2020ರ ಜನವರಿ 1ರಿಂದ, ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ನಿಷೇಧ ಜಾರಿಗೆ ಬಂತು. ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲೂ ಮಾರುವವರು ಕೇರಳ, ಕರ್ನಾಟಕ ಎರಡರ ಈಗಿನ ಆದೇಶವನ್ನೂ ನೋಡಿಕೊಂಡೇ ಸರಕು ಎತ್ತಬೇಕು.

ಔಷಧದಂಗಡಿಯ ಅಯೋಡಿನ್ ಒಂದು ಹನಿ ಹಾಕಿದರೆ ಪಿಷ್ಟ ಇರುವಲ್ಲಿ ಕಡುನೀಲಿ ಬಣ್ಣ ಬರುತ್ತದೆ. ಮಕ್ಕಳಿಗೆ ತೋರಿಸಲು ಒಳ್ಳೆಯದು, ಆದರೆ ತೊಟ್ಟೆ ಕೊಳೆಯುತ್ತದೆ ಎನ್ನಲು ಅದು ಸಾಕ್ಷಿಯಲ್ಲ. ಪಾಲಿಥೀನಿಗೆ ಪಿಷ್ಟ ಬೆರೆಸಿದ ಕಳ್ಳ ಸರಕೂ ನೀಲಿಯಾಗುತ್ತದೆ. ಹೆಚ್ಚು ನಂಬಬಹುದಾದದ್ದು ಹೂಳಿ ನೋಡುವ ಪರೀಕ್ಷೆ. ತೊಟ್ಟೆಯ ತುಂಡನ್ನು ಈರುಳ್ಳಿಯ ಬಲೆಚೀಲದಲ್ಲಿ ಹಾಕಿ, ಸೆಗಣಿ ಮತ್ತು ಸೊಪ್ಪು ತುಂಬಿದ ದೊಡ್ಡ ಗೊಬ್ಬರ ರಾಶಿಯ ನಡುವೆ ಇಟ್ಟು, ಪಕ್ಕದಲ್ಲೇ ಒಂದು ತುಂಡು ಕಾಗದವನ್ನೂ ಇಡಿ. ಮೂರು ತಿಂಗಳ ಮೇಲೆ ತೆಗೆದಾಗ ಕಾಗದ ಹೋಗಿದ್ದು ತೊಟ್ಟೆ ಹಾಗೇ ಉಳಿದಿದ್ದರೆ ಆ ಸರಕು ನಿಮ್ಮ ಊರ ಗೊಬ್ಬರಗುಂಡಿಗೆ ಆಗಿ ಬರುವುದಿಲ್ಲ ಎಂದರ್ಥ, ಪ್ರಮಾಣಪತ್ರ ಇದ್ದರೂ.

ಕೇರಳದಲ್ಲಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಮನೆಮನೆಯಿಂದ ಅವರು ಒಯ್ಯುವ ಪ್ಲಾಸ್ಟಿಕ್ ಕರಗಿಸಿ ಮರುಬಳಕೆಗೆ ಹೋಗುವಂಥದ್ದು. ಪಿಷ್ಟದ ತೊಟ್ಟೆ ಅದರೊಳಗೆ ಬೆರೆತರೆ ಇಡೀ ಮೂಟೆಯ ಗುಣ ಕೆಡುತ್ತದೆ. ನಿಮ್ಮ ಸರಕಿನ ಮೇಲೆ "ಗೊಬ್ಬರಗುಂಡಿಗೆ ಹಾಕಿ, ಪ್ಲಾಸ್ಟಿಕ್ ಜೊತೆ ಕೊಡಬೇಡಿ" ಎಂದು ಕನ್ನಡದಲ್ಲೂ ಮಲಯಾಳದಲ್ಲೂ ದೊಡ್ಡದಾಗಿ ಅಚ್ಚು ಹಾಕಿಸಿ, ಮೊದಲ ತಯಾರಿಯ ಒಂದೆರಡು ಮಾದರಿಗಳನ್ನು ನಿಮ್ಮ ವಾರ್ಡಿಗೆ ಬರುವ ಸೇನೆಯ ಅಕ್ಕಂದಿರ ಕೈಗೇ ಕೊಟ್ಟು ತೋರಿಸಿ.